ಹಿತ್ತಲ ಹಕ್ಕಿ, ಹೊತ್ತಿನ ಬಣ್ಣ

ಚಳಿ ಕಾಲಿಟ್ಟಿತೆಂದರೆ ಹಕ್ಕಿಚಿತ್ರದ ಗೀಳು ಹತ್ತಿದವರ ಮಾತೆಲ್ಲ ಊರುಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಗಣೇಶಗುಡಿಗೆ ಯಾವಾಗ, ರಂಗನತಿಟ್ಟಿನಲ್ಲಿ ಬೆಳಗಿನ ದೋಣಿ ಸಿಗುತ್ತದೆಯೇ, ಈ ಸಲ ಭರತಪುರವೋ ಸಾತ್ತಾಲೋ. ಬಣ್ಣದ ಹಕ್ಕಿಗಳಿರುವುದು ದೂರದಲ್ಲಿ, ಮನೆ ಹತ್ತಿರ ಇರುವುದು ಬರೀ ಕಾಗೆ, ಪಾರಿವಾಳ ಎಂಬ ನಂಬಿಕೆ ಈ ಮಾತುಗಳ ತಳದಲ್ಲಿದೆ. ಪ್ರವಾಸ ಬೇಡವೆಂದು ಯಾರೂ ಹೇಳಬೇಕಿಲ್ಲ. ಆದರೆ ಹಕ್ಕಿಯನ್ನು ಕಾಣುವುದು ಒಂದು, ಅದರ ಬಣ್ಣವನ್ನು ಚಿತ್ರಕ್ಕಿಳಿಸುವುದು ಇನ್ನೊಂದು. ಮೊದಲನೆಯದಕ್ಕೆ ಬಸ್ಸು, ರೈಲು ಸಾಕು. ಎರಡನೆಯದಕ್ಕೆ ಒಂದೇ ಜಾಗವನ್ನು ಹಲವು ಹೊತ್ತಿನಲ್ಲಿ, ಹಲವು ತಿಂಗಳಲ್ಲಿ ನೋಡುವ ಅನುಕೂಲ ಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಅದು ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಮಾತ್ರ ಸಿಗುತ್ತದೆ. ಈ ಮಾತಿಗೆ ಆಧಾರ ಊರಿನ ಅಭಿಮಾನವಲ್ಲ, ಗರಿಯ ರಚನೆ.

ಹಕ್ಕಿಗಳ ಬಣ್ಣದಲ್ಲಿ ಸ್ಥೂಲವಾಗಿ ಎರಡು ಬಗೆ. ಹೊನ್ನಕ್ಕಿಯ ಹಳದಿ ವರ್ಣದ್ರವ್ಯದ್ದು. ತಿಂದ ಆಹಾರದಿಂದ ಬಂದ ಕೆರೋಟಿನಾಯ್ಡ್ ಗರಿಯಲ್ಲಿ ಸೇರಿಕೊಂಡಿರುತ್ತದೆ. ಬಿಳಿಕತ್ತಿನ ಮಿಂಚುಳ್ಳಿಯ ತಲೆಯ ಕಂದು ಮೆಲನಿನ್‌ನದು. ಅದೇ ಮಿಂಚುಳ್ಳಿಯ ಬೆನ್ನಿನ ಗರಿಯನ್ನು ಅರೆದು ನೋಡಿದರೆ ನೀಲಿ ಪುಡಿ ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ನೀಲಿ ದ್ರವ್ಯವೇ ಇಲ್ಲ. ಗರಿಯೆಳೆಯೊಳಗೆ ಸ್ಪಂಜಿನಂತೆ ಹೆಣೆದುಕೊಂಡ ಕೆರಾಟಿನ್ ಮತ್ತು ಗಾಳಿಯ ಸೂಕ್ಷ್ಮ ರಚನೆ ಬೆಳಕಿನ ನೀಲಿ ಭಾಗವನ್ನು ಆಯ್ದು ಹಿಂದಕ್ಕೆ ಕಳಿಸುತ್ತದೆ. ಗಿಳಿಯ ಹಸಿರು ಇವೆರಡರ ಕೂಟ: ಇಂಥದೇ ನೀಲಿ ರಚನೆಗೆ ಗಿಳಿಗಳ ಕುಲದಲ್ಲಷ್ಟೇ ಇರುವ ಹಳದಿ ದ್ರವ್ಯ ಸೇರಿ ಹಸಿರಾಗುತ್ತದೆ. ಸೂರಕ್ಕಿಯ ಕೊರಳಲ್ಲಿ ಮೆಲನಿನ್ ಕಣಗಳು ಪದರಪದರವಾಗಿ ಕೂತು, ಬೆಳಕು ಬಿದ್ದ ಕೋನಕ್ಕೆ ತಕ್ಕಂತೆ ಹೊಳೆಯುತ್ತವೆ ಅಥವಾ ಕಪ್ಪಾಗುತ್ತವೆ. ಈ ವಿಷಯಕ್ಕೆ ಕರ್ನಾಟಕದ ನಂಟೂ ಇದೆ. 1934ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದ ಸಿ.ವಿ. ರಾಮನ್, ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಹಕ್ಕಿಗರಿಗಳ ಬಣ್ಣದ ಮೂಲದ ಬಗ್ಗೆ ಪ್ರಬಂಧ ಬರೆದರು. ಅವರು ಪರೀಕ್ಷೆಗೆ ಎತ್ತಿಕೊಂಡದ್ದು ಇಂದು ನಮ್ಮ ರಾಜ್ಯಪಕ್ಷಿಯಾಗಿರುವ ನೀಲಕಂಠದ ಗರಿಯನ್ನು. ಸಣ್ಣ ಕಣಗಳಿಂದ ಬೆಳಕು ಚದರುವುದೊಂದೇ ಈ ನೀಲಿಗೆ ಕಾರಣ ಎಂಬ ಅಂದಿನ ವಿವರಣೆ ಅವರಿಗೆ ಸಾಲಲಿಲ್ಲ. ಗರಿಯೊಳಗಿನ ರಚನೆಯ ಕ್ರಮಬದ್ಧತೆಯೇ ಇಂಥ ನೀಲಿಯನ್ನು ಹುಟ್ಟಿಸುತ್ತದೆ ಎಂಬುದನ್ನು ರಿಚರ್ಡ್ ಪ್ರಮ್ ಮತ್ತು ಸಂಗಡಿಗರು ಬೇರೊಂದು ಹಕ್ಕಿಯ ಗರಿಯಲ್ಲಿ ತೋರಿಸಿದ್ದು 1998ರಲ್ಲಿ.

ಕ್ಯಾಮೆರಾ ಹಿಡಿದವನಿಗೆ ಇದು ಬರೀ ಭೌತಶಾಸ್ತ್ರದ ಪಾಠವಲ್ಲ. ಸೂರಕ್ಕಿಯ ಕೊರಳಿನ ನೇರಳೆ ಚಿತ್ರದಲ್ಲಿ ಉಳಿಯಬೇಕಾದರೆ ಸೂರ್ಯ ನಮ್ಮ ಬೆನ್ನ ಹಿಂದಿರಬೇಕು, ಹಕ್ಕಿ ನಮ್ಮತ್ತ ಮುಖ ಮಾಡಬೇಕು. ಒಂದಿಷ್ಟು ಕತ್ತು ತಿರುಗಿದರೆ ಹೊಳಪೆಲ್ಲ ಹೋಗಿ ಮಸಿಯ ಚುಕ್ಕೆ ಉಳಿಯುತ್ತದೆ. ನೀಲಕಂಠ ತಂತಿಯ ಮೇಲೆ ರೆಕ್ಕೆ ಮಡಚಿ ಕೂತಾಗ ಹೆಚ್ಚಾಗಿ ಕಾಣುವುದು ಕಂದು. ಅದು ಬೇಟೆಗೆಂದು ನೆಲಕ್ಕಿಳಿಯುವಾಗ ರೆಕ್ಕೆಯ ನೀಲಿ ತೆರೆದುಕೊಳ್ಳುತ್ತದೆ, ಅದೂ ಬೆಳಕು ರೆಕ್ಕೆಯ ಅಗಲಕ್ಕೆ ಬಿದ್ದರೆ. ಹಕ್ಕಿಚಿತ್ರಗಾರರೆಲ್ಲ ಬಾಯಿಪಾಠ ಮಾಡಿಕೊಂಡ ‘ಹೊಂಬೆಳಕಿನ ಹೊತ್ತು’ ಎಂಬ ಸೂತ್ರವನ್ನೂ ಇಲ್ಲಿ ಮರುಪರಿಶೀಲಿಸಬೇಕು. ಸೂರ್ಯ ದಿಗಂತದ ಹತ್ತಿರವಿದ್ದಾಗ ಬೆಳಕಿನಲ್ಲಿ ನೀಲಿಯ ಪಾಲೇ ಕಡಿಮೆ. ಹೊನ್ನಕ್ಕಿಗೆ ಅದು ಹಬ್ಬ. ಮಿಂಚುಳ್ಳಿಗೆ, ನೀಲಕಂಠಕ್ಕೆ ನಷ್ಟ. ನೀಲಿ ಹಕ್ಕಿಗಳಿಗೆ ಬಿಸಿಲು ಬೆಳ್ಳಗಾದ ಮೇಲೆ, ಆದರೆ ನೆರಳು ಇನ್ನೂ ಉದ್ದವಿರುವಾಗ ಕಾಯುವುದು ಲೇಸು. ಮೋಡ ಕವಿದ ದಿನ ಗಿಳಿಯ ಹಸಿರಿಗೆ, ಮಧುರಕಂಠದ ಹಳದಿಗೆ ಹಿತ; ಸೂರಕ್ಕಿಗೆ ಅದೇ ಮೋಡ ಶತ್ರು. ಹೀಗೆ ಒಂದೊಂದು ಹಕ್ಕಿಗೂ ಒಂದೊಂದು ಹೊತ್ತಿದೆ. ಎರಡು ದಿನದ ಪ್ರವಾಸದಲ್ಲಿ ಹಕ್ಕಿ ಸಿಕ್ಕ ಹೊತ್ತೇ ನಮ್ಮ ಪಾಲಿನ ಹೊತ್ತು. ಮನೆ ಹತ್ತಿರವಾದರೆ ಹೊತ್ತನ್ನು ನಾವೇ ಆರಿಸಿಕೊಳ್ಳಬಹುದು.

ತಿಂಗಳುಗಳ ಲೆಕ್ಕವೂ ಹೀಗೆಯೇ. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ನಡುಹಗಲ ಸೂರ್ಯ ನೆತ್ತಿಗೇ ಬರುತ್ತಾನೆ. ಒಳ್ಳೆಯ ಓರೆಬೆಳಕು ಬೆಳಿಗ್ಗೆ ಬೇಗ ಮುಗಿದುಹೋಗುತ್ತದೆ. ಡಿಸೆಂಬರ್ ಕೊನೆಯಲ್ಲಿ ಅದೇ ಸೂರ್ಯ ನಡುಹಗಲಿಗೂ ಸುಮಾರು 54 ಡಿಗ್ರಿಗಿಂತ ಮೇಲೇರುವುದಿಲ್ಲ, ಹಾಗಾಗಿ ಕೆಲಸದ ಬೆಳಕು ಬಹಳ ಹೊತ್ತು ಉಳಿಯುತ್ತದೆ. ಬೆಳಕು ಒದಗಿದರೆ ಹಕ್ಕಿಯ ಉಡುಗೆಯೂ ಒದಗಬೇಕಲ್ಲ. ನೇರಳೆ ಸೂರಕ್ಕಿಯ ಗಂಡು ಮರಿ ಮಾಡುವ ಕಾಲ ಮುಗಿದ ಮೇಲೆ ಹೊಳಪಿನ ಗರಿ ಕಳಚಿ, ಎದೆಯ ನಡುವೆ ಒಂದು ಕಪ್ಪು ಗೆರೆ ಉಳಿಸಿಕೊಂಡು, ಮಿಕ್ಕಂತೆ ಹೆಣ್ಣಿನ ಹಾಗೆ ಮಾಸಲು ಹಳದಿಯಾಗುತ್ತದೆ. ಬೂರುಗ, ಹಾಲವಾಣ, ಮುತ್ತುಗಗಳು ಹೂ ಬಿಡುವ ಕಾಲ ಹಿಂದುಮುಂದಾದರೆ ಅವುಗಳ ಮೇಲೆ ಬರುವ ಹಕ್ಕಿಗಳ ಸಂತೆಯೂ ಹಿಂದುಮುಂದಾಗುತ್ತದೆ. ಬೆಳಕು, ಗರಿ, ಹೂವು ಈ ಮೂರೂ ಕೂಡಿಬರುವ ಬೆಳಗುಗಳು ವರ್ಷದಲ್ಲಿ ಕೆಲವೇ. ಅವು ಯಾವ ಬೀದಿಯ ಯಾವ ಮರದಲ್ಲಿ ಕೂಡಿಬರುತ್ತವೆ ಎಂಬುದು ಆ ಬೀದಿಯವರಿಗೇ ಗೊತ್ತು.

‘ನಮ್ಮ ಬೀದಿಯಲ್ಲಿ ಯಾವ ಹಕ್ಕಿ ಬರುತ್ತದೆ ಮಹಾ’ ಎಂಬುದು ಮೊದಲ ಆಕ್ಷೇಪ. ಬೆಂಗಳೂರು ಮತ್ತು ಅದರ ಆಸುಪಾಸಿನಲ್ಲಿ ದಾಖಲಾಗಿರುವ ಹಕ್ಕಿ ಪ್ರಭೇದಗಳು ಮುನ್ನೂರಕ್ಕೂ ಹೆಚ್ಚು. ಬಡಾವಣೆಯ ರಸ್ತೆಬದಿಯ ಗಸಗಸೆ ಹಣ್ಣಿನ ಮರವೊಂದೇ ಕಂಚುಗಾರ ಹಕ್ಕಿ, ಪಿಕಳಾರ, ಬದನಿಕೆ ಹಕ್ಕಿಗಳನ್ನು ಕರೆಯುತ್ತದೆ. ಖಾಲಿ ಸೈಟಿನ ಒಣಕೊಂಬೆಯ ಮೇಲೆ ಕಳ್ಳಿಪೀರ ಕೂತಿರುತ್ತದೆ. ಹಾರಿ ಹುಳು ಹಿಡಿದು ಬಹುಮಟ್ಟಿಗೆ ಅದೇ ಕೊಂಬೆಗೆ ಮರಳುವ ಅದರ ಅಭ್ಯಾಸ ಚಿತ್ರಗಾರನಿಗೆ ವರ. ಉತ್ತರದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕಿಳಿಯುವ ನವರಂಗ ತರಗೆಲೆ ತುಂಬಿದ ಹಿತ್ತಲುಗಳಲ್ಲೂ ತಂಗುತ್ತದೆ. ತರಗೆಲೆ ಗುಡಿಸಿ ಸುಟ್ಟ ಅಂಗಳದಲ್ಲಿ ಅದಕ್ಕೇನು ಕೆಲಸ? ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕಗಳ ಬೇರು ಇರುವುದು ಮೂಡಿಗೆರೆಯಲ್ಲಿ, ಅವರ ತೋಟದ ಸುತ್ತಮುತ್ತ. ಮಲೆನಾಡಿನ ತೋಟಕ್ಕೂ ಮಹಾನಗರದ ಬಾಲ್ಕನಿಗೂ ಹೋಲಿಕೆಯೇ ಎಂದು ಕೇಳಬಹುದು. ಹಕ್ಕಿಗಳ ಸಂಖ್ಯೆಯಲ್ಲಿ ಹೋಲಿಕೆ ಇಲ್ಲ, ನಿಜ. ಕೆಲಸದ ಕ್ರಮದಲ್ಲಿ ಇದೆ.

ಎರಡನೆಯ ಆಕ್ಷೇಪ ದುಡ್ಡಿನದು: ಲಕ್ಷಗಟ್ಟಲೆಯ ಲೆನ್ಸ್ ಇಲ್ಲದೆ ಹಕ್ಕಿಚಿತ್ರ ಎಲ್ಲಿ ಸಾಧ್ಯ? ಲೆಕ್ಕ ಹಾಕಿದರೆ ಇದು ಹತ್ತಿರದ ಹಕ್ಕಿಯ ಪರವಾಗಿಯೇ ತಿರುಗುತ್ತದೆ. 8 ಮೀಟರ್ ದೂರದ ಹಕ್ಕಿ 400 ಮಿ.ಮೀ. ಲೆನ್ಸ್‌ನಲ್ಲಿ ಮೂಡುವ ಗಾತ್ರ, 20 ಮೀಟರ್ ದೂರದ ಅದೇ ಹಕ್ಕಿ 600 ಮಿ.ಮೀ. ಲೆನ್ಸ್‌ನಲ್ಲಿ ಮೂಡುವ ಗಾತ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ನಡುವಿನ ಗಾಳಿ ಕಡಿಮೆಯಾದಷ್ಟೂ ಬಿಸಿಲ ಝಳದ ಕಂಪನವೂ ಕಡಿಮೆ. ಗರಿಯ ಎಳೆಗಳನ್ನು ಮಸುಕು ಮಾಡುವುದು ಎಷ್ಟೋ ಸಲ ಲೆನ್ಸಿನ ಕೊರತೆಯಲ್ಲ, ಈ ಝಳ. ಜನರ ನಡುವೆ ಬಾಳುವ ಹಕ್ಕಿಗಳು ಕಾಡಿನ ಬಂಧುಗಳಿಗಿಂತ ಮನುಷ್ಯರನ್ನು ಹತ್ತಿರ ಬಿಟ್ಟುಕೊಳ್ಳುತ್ತವೆ ಎಂಬುದೂ ಹಕ್ಕಿಶಾಸ್ತ್ರ ಕಂಡುಕೊಂಡ ಸಂಗತಿ.

ಮೂರನೆಯದು ಈಗಿನ ಕಾಲದ ಆಕ್ಷೇಪ: ಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ಏರಿಸಬಹುದಲ್ಲ, ಹೊತ್ತು ಕಾಯುವುದೇಕೆ? ತಂತ್ರಾಂಶ ದಾಖಲಾದದ್ದನ್ನು ಹಿಗ್ಗಿಸಬಲ್ಲದು, ದಾಖಲಾಗದ್ದನ್ನು ಮರಳಿಸಲಾರದು. ಸೂರಕ್ಕಿಯ ಕೊರಳಿಂದ ನೇರಳೆ ಬೆಳಕು ಲೆನ್ಸಿಗೆ ಬಂದೇ ಇಲ್ಲವೆಂದರೆ ಕಡತದಲ್ಲಿರುವುದು ಕಪ್ಪು. ಅದನ್ನು ಏರಿಸಿದರೆ ಬರುವುದು ಕಾಳುಕಾಳಾದ ಬೂದು. ಹೊನ್ನಕ್ಕಿಯದು ಇದರ ತಿರುವುಮುರುವು. ಬಿಸಿಲಲ್ಲಿ ಅದರ ಹಳದಿ ಕೆಂಪು, ಹಸಿರು ವಾಹಿನಿಗಳೆರಡನ್ನೂ ತುಂಬಿಸಿ ಉಕ್ಕಿಸುತ್ತದೆ, ಗರಿಯ ವಿವರ ಅಳಿಸಿಹೋಗುತ್ತದೆ. ಎಕ್ಸ್‌ಪೋಷರ್ ಅನ್ನು ಸ್ಥಳದಲ್ಲೇ ತಗ್ಗಿಸಿ, ಮೂರೂ ಬಣ್ಣದ ಹಿಸ್ಟೋಗ್ರಾಮ್ ಬೇರೆಬೇರೆಯಾಗಿ ನೋಡಿಕೊಂಡವನಿಗೇ ಆ ಹಳದಿ ದಕ್ಕುತ್ತದೆ. ಇಲ್ಲದ ಬಣ್ಣವನ್ನು ಬಳಿಯುವ ತಂತ್ರಾಂಶಗಳೂ ಬಂದಿವೆ. ಅವು ಕೊಡುವುದು ಚಿತ್ರಕಲೆ, ಆ ಹಕ್ಕಿಯ ದಾಖಲೆಯಲ್ಲ.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ. ಮನೆ ಹತ್ತಿರದ ಹಕ್ಕಿಗೆ ದಿನವೂ ನಮ್ಮ ಕಾಟ ತಪ್ಪುವುದಿಲ್ಲ. ದೂರದಿಂದ ಬಂದ ಪ್ರವಾಸಿ ಎರಡು ದಿನ ಪೀಡಿಸಿ ಹೋದರೆ, ಹಿತ್ತಲ ಚಿತ್ರಗಾರ ವರ್ಷವಿಡೀ ಪೀಡಿಸಬಲ್ಲ. ಆದ್ದರಿಂದ ಹತ್ತಿರವಿರುವವನಿಗೇ ಕಟ್ಟುಪಾಡು ಹೆಚ್ಚು ಬೇಕು. ಗೂಡಿನ ಚಿತ್ರ ಬೇಡ. ಹಲವು ಛಾಯಾಚಿತ್ರ ಸ್ಪರ್ಧೆಗಳು ಅಂಥವನ್ನು ಈಗ ಸ್ವೀಕರಿಸುವುದೂ ಇಲ್ಲ. ಬೆಳಕಿಗೆ ಅಡ್ಡವೆಂದು ಗೂಡಿನ ಮುಂದಿನ ಎಲೆಗೊಂಚಲನ್ನು ಸರಿಸಿದರೆ ಬಿಸಿಲಿಗೂ ಕಾಗೆಗೂ ದಾರಿ ಮಾಡಿಕೊಟ್ಟಂತೆ. ಮೊಬೈಲಿನಲ್ಲಿ ಕೂಗು ನುಡಿಸಿ ಕರೆಯುವುದು ತನ್ನ ಗಡಿ ಕಾಯುತ್ತಿರುವ ಹಕ್ಕಿಯನ್ನು ಇಲ್ಲದ ಎದುರಾಳಿಯ ಮೇಲೆ ಜಗಳಕ್ಕೆ ಎಬ್ಬಿಸಿದಂತೆ. ನೀರಿನ ಬಟ್ಟಲು ಇಡಬಹುದು, ಆದರೆ ದಿನವೂ ತೊಳೆದು ನೀರು ಬದಲಿಸುವ ವ್ರತವಿದ್ದರೆ ಮಾತ್ರ. ಹಾಗೆ ನೋಡಿದರೆ ಅವಸರವಿಲ್ಲದಿರುವುದೇ ಇಂಥ ತಪ್ಪುಗಳಿಂದ ಕಾಪಾಡುವ ದೊಡ್ಡ ಬಲ. ನಾಳೆಯೂ ಬರಬಹುದೆಂದು ಗೊತ್ತಿರುವವನಿಗೆ ಇವತ್ತೇ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗುವ ದರ್ದಿಲ್ಲ.

ಹೊಸದಾಗಿ ಕ್ಯಾಮೆರಾ ಕೊಂಡವರಿಗೆ ಈ ಅಂಕಣದ ಸಲಹೆ ಹೀಗಿದೆ: ಮೊದಲ ವರ್ಷ ಒಂದು ಮರ, ಒಂದು ತಂತಿ, ಒಂದು ಕೆರೆಯಂಚು ಆರಿಸಿಕೊಳ್ಳಿ. ಅಲ್ಲಿಗೆ ಬಿಸಿಲು ಯಾವ ಕಡೆಯಿಂದ ಎಷ್ಟು ಹೊತ್ತಿಗೆ ಬೀಳುತ್ತದೆ, ಯಾವ ತಿಂಗಳು ಯಾವ ಹೂವಿಗೆ ಯಾರು ಬರುತ್ತಾರೆ, ಗುರುತು ಹಾಕಿಕೊಳ್ಳಿ. ಎರಡನೆಯ ವರ್ಷ ಗಣೇಶಗುಡಿಗೋ ಭರತಪುರಕ್ಕೋ ಹೋಗಿ. ಬೆಳಕು ಎತ್ತಲಿಂದ ಬರುತ್ತಿದೆ ಎಂದು ಮೊದಲು ನೋಡಿ, ಆಮೇಲೆ ಹಕ್ಕಿಯತ್ತ ಲೆನ್ಸ್ ತಿರುಗಿಸುವ ಅಭ್ಯಾಸ ಆ ಹೊತ್ತಿಗೆ ಕೈಗೆ ಬಂದಿರುತ್ತದೆ. ಪ್ರವಾಸದ ಖರ್ಚು ಸಾರ್ಥಕವಾಗುವುದೂ ಆಗಲೇ.