ಬೆಳಗಿನ ಆರರ ಚಳಿಗೆ ಎಂಥ ಟೈರು?

ಮದ್ರಾಸ್ ಹೈಕೋರ್ಟಿನ ಆದೇಶದಿಂದಾಗಿ 2022ರಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಹುಲಿ, ಆನೆಗಳ ಕಾಡಿಗೆ ಅದು ಬೇಕಾದದ್ದೇ. ದಾರಿ ಮತ್ತೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಹಾಗಾಗಿ ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೊರಟವರು 27 ಹೇರ್‌ಪಿನ್ ತಿರುವುಗಳನ್ನು ಇಳಿಯುವುದು ದಿನದ ಅತಿ ತಣ್ಣನೆಯ ಹೊತ್ತಿನಲ್ಲಿ, ಇಬ್ಬನಿಗೆ ಡಾಂಬರು ಒದ್ದೆಯಾಗಿರುವಾಗ. ಧನುರ್ಮಾಸಕ್ಕೆ ಮುಂಚೆ ಟೈರು ಕೊಳ್ಳುವವರು ಆ ಹೊತ್ತನ್ನೇ ನೆನೆದು ಕೊಳ್ಳಬೇಕು.

ಹಿಮದ ನಾಡಿನ ಚಳಿಗಾಲದ ಟೈರು ನಮಗೆ ಬೇಡ. ಸುಮಾರು 7 ಡಿಗ್ರಿಗಿಂತ ಕೆಳಗೆ ಮಾಮೂಲಿ ರಬ್ಬರು ಬಿರುಸಾಗುತ್ತದೆಂದು ಅಲ್ಲಿ ಮೆದು ರಬ್ಬರು ಬಳಸುತ್ತಾರೆ. ಘಾಟಿಯ ಬುಡದ ಬಣ್ಣಾರಿಯ ಬಿಸಿಲಿಗೆ ಅದು ಬೇಗ ಸವೆದುಹೋಗುತ್ತದೆ. ನಮಗೆ ಬೇಕಾದದ್ದು ಒದ್ದೆ ರಸ್ತೆಯಲ್ಲಿ ಹಿಡಿತ ಬಿಡದ, ಹೊಸ ತಾರೀಖಿನ ಟೈರು. ಪಕ್ಕದ ಗೋಡೆಯಲ್ಲಿ ಉದ್ದುಂಡನೆಯ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 4824 ಎಂದಿದ್ದರೆ 2024ರ 48ನೇ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಟೈರನ್ನು ರಿಯಾಯಿತಿಗೆ ಕೊಟ್ಟರೂ ನಾನು ಮುಟ್ಟುವುದಿಲ್ಲ. ರಸ್ತೆಗೆ ತಾಗುವ ಮೈಯ ಗೆರೆಗಳ ಆಳ 1.6 ಮಿ.ಮೀ.ವರೆಗೆ ಸವೆಯಲು ಕಾನೂನು ಬಿಡುತ್ತದೆ. ಈ ಘಾಟಿಗೆ 3 ಮಿ.ಮೀ.ಗೇ ಬದಲಿಸುವುದು ಕ್ಷೇಮ.

ಎರಡೇ ಹೊಸತು ಹಾಕಿಸುವುದಾದರೆ ಹಿಂದಕ್ಕೆ ಹಾಕಿಸಿ. ಮುಂದಕ್ಕೇ ಹಾಕಿ ಎನ್ನುವವರು ಬಹಳ ಮಂದಿ. ಆದರೆ ಒದ್ದೆ ಇಳಿಜಾರಿನ ತಿರುವಿನಲ್ಲಿ ಹಿಂಗಾಲಿ ಜಾರಿದರೆ ಗಾಡಿ ಸುತ್ತಿಬಿಡುತ್ತದೆ, ಸ್ಟೇರಿಂಗ್ ತಿರುಗಿಸಿ ಅದನ್ನು ಹಿಡಿಯುವುದು ಬಲು ಕಷ್ಟ.

ಗಾಳಿ ಹಿಡಿಸುವುದು ಊರಲ್ಲೇ, ಗಾಡಿ ಓಡುವ ಮೊದಲು. ಸತ್ಯಮಂಗಲದ ಮಧ್ಯಾಹ್ನ, ಬಿಸಿಯಾದ ಟೈರಿಗೆ ಹಿಡಿಸಿದ 33 ಪಿಎಸ್‌ಐ ತಾಳವಾಡಿಯ ಮುಂಜಾವಿಗೆ ಉಳಿದಿರುವುದಿಲ್ಲ. 10 ಡಿಗ್ರಿ ಇಳಿದರೆ ಒಂದೂವರೆ, ಎರಡು ಪಿಎಸ್‌ಐ ಇಳಿಯುತ್ತದೆ.

ಬಿಚ್ಚಿದ ಟೈರು ಇನ್ನೂ ಬಾಳುವಂಥದ್ದಾದರೆ ಅದನ್ನು ಇಡುವ ಜಾಗ ಮುಖ್ಯ. ಅಂಗಳದ ಬಿಸಿಲು ಬೇಡ, ಡೀಸೆಲ್ ಕ್ಯಾನಿನ ಪಕ್ಕ ಬೇಡ. ಪಂಪ್‌ಸೆಟ್ ಮನೆಯಂತೂ ಬೇಡವೇ ಬೇಡ: ಮೋಟಾರಿನ ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರನ್ನು ಕೂದಲೆಳೆಯಷ್ಟು ಸಣ್ಣಗೆ ಬಿರಿಸುತ್ತದೆ. ತೊಳೆದು, ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿ ಕತ್ತಲೆ ಕೋಣೆಯಲ್ಲಿಡಿ. ರಿಮ್ ಇಲ್ಲದ್ದನ್ನು ನಿಲ್ಲಿಸಿ, ತಿಂಗಳಿಗೊಮ್ಮೆ ಸ್ವಲ್ಪ ಉರುಳಿಸಿ. ರಿಮ್ ಇರುವುದನ್ನು ಒಂದರ ಮೇಲೊಂದು ಮಲಗಿಸಿ. ಮತ್ತೆ ಹಾಕುವ ಮುನ್ನ ಪಕ್ಕದ ಗೋಡೆಯನ್ನು ಬೆರಳಿಂದ ಒತ್ತಿ ನೋಡಿ. ಬಿರುಕು ಬಾಯಿ ಬಿಟ್ಟರೆ ಅದು ಸ್ಟೆಪ್ನಿಗೂ ಆಗದು.