ಮೇಳಿ ನುಂಗಿದ ಅಣ್ಣ, ಉರಿಯುವ ಕೈ

ಕೋಡಗವನ್ನು ಕೋಳಿ ನುಂಗಿದ ಶಿಶುನಾಳ ಶರೀಫರ ಪದವನ್ನು ಕೇಳದ ಕನ್ನಡಿಗರು ಕಡಿಮೆ. ಶಿಗ್ಗಾವಿ ತಾಲೂಕಿನ ಶಿಶುವಿನಹಾಳದ ಶರೀಫರು (1819–1889) ಕೆಲಕಾಲ ಶಾಲಾ ಮಾಸ್ತರರಾಗಿದ್ದವರು. ಅವರ ಈ ಪದವನ್ನು ತರಗತಿಯಲ್ಲಿ ಬೆಡಗೆಂದು ಬಿಡಿಸುತ್ತೇವೆ: ಇದು ಮಾಯೆ, ಅದು ಮನಸ್ಸು. ಹಾಗೆ ಬಿಡಿಸುವಾಗ ಬೀಸುಕಲ್ಲು, ಮಗ್ಗ, ಮೇಳಿ ಎಲ್ಲವೂ ಸಂಕೇತಗಳಾಗಿ, ಅವುಗಳೊಡನೆ ದುಡಿದವರು ಕಾಣೆಯಾಗುತ್ತಾರೆ.

ನನ್ನ ಸಂಶೋಧನೆಯಲ್ಲಿ ಬೇರೆ ದಾರಿ ಹಿಡಿದೆ. ಜರ್ಮನ್ ತತ್ವಜ್ಞಾನಿ ಹೈಡೆಗರ್ 1927ರ ‘ಬೀಯಿಂಗ್ ಅಂಡ್ ಟೈಮ್’ ಕೃತಿಯಲ್ಲಿ ಸುತ್ತಿಗೆಯ ಉದಾಹರಣೆ ಕೊಡುತ್ತಾರೆ. ಕೆಲಸ ಸರಾಗವಾಗಿ ಸಾಗುವಾಗ ಸುತ್ತಿಗೆ ಗಮನಕ್ಕೇ ಬರುವುದಿಲ್ಲ. ಮುರಿದಾಗ ಅದು ವಸ್ತುವಾಗಿ ಎದುರು ನಿಲ್ಲುತ್ತದೆ. ಶರೀಫರಲ್ಲಿ ಮರೆಯಾಗುವುದು ಸಲಕರಣೆಯಲ್ಲ, ಕೆಲಸಗಾರ. ಕುಣಿಯಲು ಬಂದವಳನ್ನು ಮದ್ದಳೆ ನುಂಗುತ್ತದೆ, ಅಣ್ಣನನ್ನು ಮೇಳಿ ನುಂಗುತ್ತದೆ. ದುಡಿಮೆಯಲ್ಲಿ ‘ನಾನು’ ಕರಗುವ ಅನುಭವವೇ ಇದು ಎಂದು ಬರೆದು ಅಧ್ಯಾಯ ಮುಗಿಸಿದ್ದೆ.

ರಜೆಗೆ ಹಾನಗಲ್ಲಿಗೆ ಹೋದಾಗ ಅವ್ವನಿಗೆ ಇದನ್ನು ವಿವರಿಸಿದೆ. ಅವಳು ಹಂಗಾಮಿನಲ್ಲಿ ಬ್ಯಾಡಗಿಗೆ ಹೋಗಿ ಕೂಲಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾಳೆ.

“ಕೆಲಸ ನುಂಗತೈತಿ, ಖರೆ. ಆದ್ರ ರಾತ್ರಿ ಉರಿಯೋ ಕೈ ಯಾರದು?” ಎಂದಳು.

ಆ ಪ್ರಶ್ನೆಗೆ ನನ್ನ ಅಧ್ಯಾಯದಲ್ಲಿ ಜಾಗವಿರಲಿಲ್ಲ. ತೊಟ್ಟು ಬಿಡಿಸುವವಳಿಗೆ ಬೆರಳೇ ಸಲಕರಣೆ. ಅದು ಮುರಿಯದೆಯೂ ಮರೆಯಾಗುವುದಿಲ್ಲ. ಉಣ್ಣಲು ಕೂತಾಗ, ಮಗುವಿನ ಮುಖ ಒರೆಸುವಾಗ ಉರಿದು ನೆನಪಿಸುತ್ತದೆ. ತನ್ಮಯತೆ ಮನುಷ್ಯನನ್ನು ನುಂಗುವಂತೆ ಕೂಲಿಯೂ ನುಂಗುತ್ತದೆ. ಮೊದಲನೆಯದನ್ನಷ್ಟೇ ಕಂಡ ನಾನು ದಣಿವನ್ನು ಧ್ಯಾನವೆಂದು ಓದಿದ್ದೆ.

ಮತ್ತೆ ಪದಕ್ಕೆ ಮರಳಿದೆ. ಅಲ್ಲಿ ದುಡಿಯುವವರೆಲ್ಲ ಮುದುಕಿ, ಅಣ್ಣ ಎಂದು ಬೇರೆಯವರಾಗಿಯೇ ಬರುತ್ತಾರೆ. ಕೆಲವರು ಕೊನೆಯ ಸಾಲಿನಲ್ಲಿ ‘ಆತ್ಮ’ ಎಂದು ಹಾಡುತ್ತಾರೆ; ನಾನು ಓದಿದ ಪಾಠದಲ್ಲಿ ಗೋವಿಂದ ಗುರುವಿನ ಪಾದ ನುಂಗುವುದು ‘ನನ್ನನ್ನು’. ತಾನು ಕರಗಿದ್ದಕ್ಕೆ ಮಾತ್ರ ಶರೀಫರು ತಾವೇ ಸಾಕ್ಷಿಯಾಗುತ್ತಾರೆ. ಮುದುಕಿಗೆ ಆನಂದವಾಯಿತೆಂದು ಅವಳ ಪರವಾಗಿ ಹೇಳುವುದಿಲ್ಲ. ನುಂಗಿತು ಎಂದಷ್ಟೇ ಹೇಳಿ ಬಿಡುತ್ತಾರೆ.

ಆ ಸಂಯಮ ನನ್ನಲ್ಲಿರಲಿಲ್ಲ. ಸವಣೂರು, ಹಿರೇಕೆರೂರಿನ ಹೊಲಗಳಲ್ಲಿ ಬಗ್ಗಿ ದುಡಿಯುವವರ ಅನುಭವವನ್ನು ಅವರನ್ನು ಕೇಳದೆಯೇ ‘ಕಾಯಕದ ಆನಂದ’ ಎಂದು ಬರೆಯುವುದು ಸುಲಭ. ಅನುಭವದಿಂದ ಶುರುವಾಗಬೇಕಾದ ಓದು ಯಾರ ಅನುಭವ ಎಂದು ಮೊದಲು ಕೇಳಬೇಕಿತ್ತು.

ಅಧ್ಯಾಯವನ್ನು ಈಗ ತಿದ್ದುತ್ತಿದ್ದೇನೆ. ಹೈಡೆಗರ್ ಅಲ್ಲಿಯೇ ಇದ್ದಾರೆ. ಅವರಿಗಿಂತ ಮೊದಲು ಅವ್ವನ ಪ್ರಶ್ನೆ ಬಂದಿದೆ.