‘ಚಿಕವೀರ ರಾಜೇಂದ್ರ’: ಕಾರ್ಯವೂ ಕಾರಣವೂ

ಶಾಸ್ತ್ರಕಾರರು ಕಾರಣವನ್ನು ಉಪಾದಾನವೆಂದೂ ನಿಮಿತ್ತವೆಂದೂ ವಿಭಾಗಿಸಿ ಹೇಳುವರು. ಗಡಿಗೆಗೆ ಮಣ್ಣು ಉಪಾದಾನ, ಕುಂಬಾರನು ನಿಮಿತ್ತ. ರಾಜ್ಯಗಳ ಏಳುಬೀಳುಗಳಿಗೂ ಈ ವಿಚಾರವು ಸಲ್ಲುವುದಾದರೆ, ಅಲ್ಲಿ ಮಣ್ಣಾವುದು, ಕುಂಬಾರನಾರು? ಸಂಧಿ, ಸೈನ್ಯ, ತಾರೀಖುಗಳನ್ನು ಚರಿತ್ರಕಾರನು ಒದಗಿಸುವನು. ರಾಗದ್ವೇಷಗಳೆಂಬ ಮಣ್ಣನ್ನು ಕೆದಕಿ ತೋರಿಸುವ ಭಾರವು ಕವಿಯ ಮೇಲೆ ಬೀಳುವುದು. ಶ್ರೀಮಾನ್ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1956ರಲ್ಲಿ ಪ್ರಕಟಿಸಿದ ‘ಚಿಕವೀರ ರಾಜೇಂದ್ರ’ವು ಈ ದೃಷ್ಟಿಯಿಂದ ಪರಿಶೀಲನಾರ್ಹವಾದ ಗ್ರಂಥವು.

ಕೊಡಗಿನ ಕಡೆಯ ಅರಸನು 1820ರಲ್ಲಿ ಪಟ್ಟವೇರಿದನು. 1832ರಲ್ಲಿ ಅವನ ಸೋದರಿ ದೇವಮ್ಮಾಜಿಯೂ ಆಕೆಯ ಪತಿ ಚೆನ್ನಬಸವನೂ ಮೈಸೂರು ಸೀಮೆಗೆ ಓಡಿಹೋಗಿ ಆಂಗ್ಲರ ಮರೆಹೊಕ್ಕರು. 1834ರ ಏಪ್ರಿಲಿನಲ್ಲಿ ಕಂಪೆನಿಯ ದಂಡು ಮಡಿಕೇರಿಯನ್ನು ಹಿಡಿಯಿತು. ಮೇ 7ರಂದು ರಾಜ್ಯವು ಕಂಪೆನಿಗೆ ಸೇರಿತೆಂದು ಸಾರಲಾಯಿತು. ಆ ಘೋಷಣೆಯು ಹೇಳಿದ ಕಾರಣವಾದರೋ ಪ್ರಜೆಗಳ ಒಮ್ಮತದ ಇಚ್ಛೆ! ಗೆದ್ದವರಿಗೆ ಇದಕ್ಕಿಂತ ಸುಲಭವಾದ ಮಾತು ಮತ್ತಾವುದು?

ಈ ‘ಇಚ್ಛೆ’ಯು ಒಂದಲ್ಲ, ಹಲವು ಎಂಬುದನ್ನು ಗ್ರಂಥಕರ್ತರು ಬಿಡಿಸಿ ತೋರಿಸಿರುವರು. ರಾಜನಲ್ಲಿ ವಿಷಯಾಸಕ್ತಿಯೂ ಸಂಶಯವೂ, ಬಾಲ್ಯದ ಒಡನಾಡಿಯಾದ ಕುಂಟ ಬಸವನಲ್ಲಿ, ತನ್ನ ಹುಟ್ಟನ್ನು ತಾನೇ ಅರಿಯದವನ ಸ್ವಾಮಿಭಕ್ತಿ, ಸೋದರಿಯಲ್ಲಿ ಪ್ರಾಣಭಯ, ರಾಣಿ ಗೌರಮ್ಮನಲ್ಲಿ ಕುಲದ ಮಾನವನ್ನು ಕಾಯುವ ಹಟ. ಮಂತ್ರಿಗಳಾದ ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಇವರಿಗಂತೂ ಒಡೆಯನು ದೊಡ್ಡವನೋ ನಾಡು ದೊಡ್ಡದೋ ಎಂಬ ಧರ್ಮಸಂಕಟ. ಇವರಲ್ಲಿ ಯಾರೊಬ್ಬರೂ ಪರರಾಜ್ಯವನ್ನು ಬಯಸಿದವರಲ್ಲ. ಆದರೂ ಒಬ್ಬೊಬ್ಬರು ಇಟ್ಟ ಹೆಜ್ಜೆಯೂ ಪರರಿಗೇ ದಾರಿಯಾಯಿತು.

ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನು ಬಲ್ಲವರಿಗೆ ಇಲ್ಲೊಂದು ಹೋಲಿಕೆಯು ಹೊಳೆಯದಿರದು. ಅಲ್ಲಿ ರಾಕ್ಷಸನು ಮಿತ್ರನಾದ ಚಂದನದಾಸನ ಪ್ರಾಣವನ್ನುಳಿಸಲು ಶತ್ರುವಿನ ಮಂತ್ರಿಪದವನ್ನು ಒಪ್ಪುವನು. ಸ್ನೇಹವು ರಾಜ್ಯವೊಂದನ್ನು ನೆಲೆಗೊಳಿಸುವುದು. ಬೋಪಣ್ಣನಿಗಾದರೋ ಹಾಗೆ ಹಿಂದುಮುಂದು ನೋಡಿ ಸೂತ್ರವಾಡಿಸುವ ಚಾಣಕ್ಯನು ಮನೆಯೊಳಗಿರಲಿಲ್ಲ; ಚಾಣಕ್ಯರು ಗಡಿಯಾಚೆ ಕಾದಿದ್ದರು.

ದೋಷವನ್ನೂ ಹೇಳಬೇಕು. ಕೊಡಗಿನವರ ಅಂತರಂಗವನ್ನು ಹೊಕ್ಕಷ್ಟು ಆಳಕ್ಕೆ ಗ್ರಂಥವು ಕಂಪೆನಿಯ ಲೋಭವನ್ನು ಹೊಕ್ಕಿಲ್ಲ. ಹೀಗಾಗಿ, ಅರಸನು ಸಜ್ಜನನಾಗಿದ್ದರೆ ರಾಜ್ಯವು ಉಳಿಯುತ್ತಿತ್ತೆಂಬ ಭಾವನೆಯು ವಾಚಕನಲ್ಲಿ ಉಳಿಯುವ ಸಂಭವವುಂಟು. ನೆರೆಯ ಮೈಸೂರಿನ ಆಡಳಿತವನ್ನು 1831ರಲ್ಲಿಯೇ ತೆಗೆದುಕೊಂಡವರಿಗೆ ಕೊಡಗಿನ ಮೇಲೆ ಕಣ್ಣಿರಲು ರಾಜನ ದುರ್ಗುಣವೇ ಬೇಕಿತ್ತೆ? ಒಮ್ಮತವೆಂಬ ಮಾತಿನ ಬೆಲೆಯನ್ನು ಮುಂದಿನ ಕಾಲವೇ ಹೇಳಿತು. ಸುಳ್ಯದ ಸೀಮೆಯನ್ನು ಕೊಡಗಿನಿಂದ ಬೇರ್ಪಡಿಸಿ, ಕಂದಾಯವನ್ನು ಧಾನ್ಯರೂಪದ ಬದಲು ನಗದಾಗಿ ಕೇಳಿದಾಗ, 1837ರಲ್ಲಿ ರೈತರು ದಂಗೆಯೆದ್ದು ಮಂಗಳೂರಿನವರೆಗೂ ನಡೆದರು.

ಆದರೂ ಗ್ರಂಥದ ಹಿರಿಮೆಗೆ ಇದರಿಂದ ಕುಂದಿಲ್ಲ. ಕಾರಣವನ್ನು ಅರಿಯುವುದು ಬೇರೆ, ಅಪರಾಧವನ್ನು ಮನ್ನಿಸುವುದು ಬೇರೆ. ಈ ವಿವೇಕವನ್ನು ಗ್ರಂಥಕರ್ತರು ಎಲ್ಲಿಯೂ ಬಿಟ್ಟಿಲ್ಲ. ರಾಜನ ಕ್ರೌರ್ಯವನ್ನು ಮರೆಮಾಚದೆಯೂ ಅವನಲ್ಲಿ ಕರುಣೆ ಹುಟ್ಟಿಸಿರುವರು. ದ್ರೋಹಿಯೆಂದು ಒಬ್ಬನನ್ನು ಹೆಸರಿಸಿ ಕೈತೊಳೆದುಕೊಳ್ಳುವ ಸೌಕರ್ಯವನ್ನು ನಮಗೆ ಕೊಡದಿರುವುದೇ ಈ ಕೃತಿಯ ಉಪಕಾರವು. ಕನ್ನಡದ ಮನೆಮನೆಯಲ್ಲಿಯೂ ಹಿರಿಯರು ಕಿರಿಯರಿಗೆ ಇದನ್ನು ಓದಿ ಹೇಳತಕ್ಕದ್ದು.